ಶ್ರದ್ಧೆ, ಮೂಢತೆ ಮತ್ತು ಆಕಾಶದಿಂದ ಬಿದ್ದ ಪತ್ರ

ಶ್ರದ್ಧೆಯು ಎಲ್ಲಿ ಮುಗಿಯುತ್ತದೆ, ಮೂಢತೆಯು ಎಲ್ಲಿಂದ ಆರಂಭವಾಗುತ್ತದೆ ಎಂಬುದು ಎಲ್ಲ ಮತಗಳ ವಿದ್ವಾಂಸರೂ ವಿಚಾರಿಸಿರುವ ಪ್ರಶ್ನೆ. ಅದನ್ನು ಕ್ರೈಸ್ತ ಮತದ ಸಂದರ್ಭದಲ್ಲಿಟ್ಟು ಈ ಪುಟಗಳಲ್ಲಿ ಚರ್ಚಿಸಲು ಹೊರಟಿರುವುದಕ್ಕೆ ಕಾರಣವಿದೆ. ಪರಮತದ ನಂಬಿಕೆಯನ್ನು ತೂಗುವ ಅಧಿಕಾರ ನನಗಿಲ್ಲ. ಬಟ್ಟೆಯ ವ್ಯಾಪಾರದಲ್ಲಿ ನಾಲ್ವತ್ತು ವರ್ಷ ಕಳೆದ ನಾನು ಅಳತೆಗೋಲು ಹಿಡಿದು ಬಲ್ಲೆನೇ ಹೊರತು ಧರ್ಮಶಾಸ್ತ್ರದ ತಕ್ಕಡಿಯನ್ನಲ್ಲ. ಆದರೆ ಆ ಮತದ ಹೆಸರಿನಲ್ಲಿ ಓಡಾಡಿದ ಒಂದು ಸುಳ್ಳು ಪತ್ರವನ್ನು ಹನ್ನೆರಡು ಮನೆಗಳಿಗೆ ತಲುಪಿಸಿದ್ದು ನನ್ನದೇ ಕೈ. ಆ ಋಣದಿಂದಾಗಿ ಬರೆಯುತ್ತಿದ್ದೇನೆ.

ನಮ್ಮ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಕರಾವಳಿಯ ರೂಢಿಯಂತೆ ನಾವೆಲ್ಲ ಅವರನ್ನು ಪೊರ್ಬುಗಳೆಂದೇ ಕರೆಯುವುದು. ಭಾನುವಾರದ ಪೂಜೆ ತಪ್ಪಿಸಿದವರಲ್ಲ, ಒಂದು ಪೈಸೆಯ ಲೆಕ್ಕ ತಪ್ಪಿದವರೂ ಅಲ್ಲ. ಕಳೆದ ವರ್ಷದ ಮಳೆಗಾಲದಲ್ಲಿ ಅವರ ಮೊಮ್ಮಗಳಿಗೆ ಹೃದಯದ ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. ಒಂದು ಸಂಜೆ ಮೊಬೈಲನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಅಂಗಡಿಗೆ ಬಂದರು. "ಧನಿಗಳೆ, ಇದನ್ನು ಹನ್ನೆರಡು ಜನರಿಗೆ ಕಳುಹಿಸಬೇಕಂತೆ. ನನಗೆ ಇದೆಲ್ಲ ಬರುವುದಿಲ್ಲ, ಮನೆಯಲ್ಲಿ ಕೇಳಿದರೆ ನಗುತ್ತಾರೆ. ನೀವೇ ಕಳುಹಿಸಿಕೊಡಿ" ಎಂದರು. ಮೇರಿ ಮಾತೆಯ ಚಿತ್ರ, ಅದರ ಕೆಳಗೆ ಕನ್ನಡದಲ್ಲಿ ಒಂದು ಒಕ್ಕಣೆ. ಇದು ಮಾತೆಯೇ ಕಳುಹಿಸಿದ ಪತ್ರ. ಒಂಬತ್ತು ದಿನಗಳೊಳಗೆ ಹನ್ನೆರಡು ಮಂದಿಗೆ ಕಳುಹಿಸಿದವರಿಗೆ ಶುಭವಾರ್ತೆ. ನಕ್ಕು ಅಳಿಸಿಹಾಕಿದ ದೂರದೇಶದ ಒಬ್ಬನು ವಾರದೊಳಗೆ ಮಗನನ್ನು ಕಳೆದುಕೊಂಡನು ಎಂದು ಅದರ ಸಾರಾಂಶ.

ಇಂಥ ಪತ್ರಗಳು ನನ್ನ ತಲೆಮಾರಿಗೆ ಹೊಸವಲ್ಲ. ಹಿಂದೆ ಅಂಚೆಕಾರ್ಡಿನ ಮೇಲೆ ಬೇರೆ ಬೇರೆ ದೇವರ ಹೆಸರಿನಲ್ಲಿ ಬರುತ್ತಿದ್ದವು. ಆಗ ಕಾರ್ಡಿಗೆ ದುಡ್ಡು ಕೊಡಬೇಕಿತ್ತು, ಕುಳಿತು ಬರೆಯಬೇಕಿತ್ತು, ಬರೆಯುವ ಸೋಮಾರಿತನವೇ ಎಷ್ಟೋ ಪತ್ರಗಳನ್ನು ಕೊಂದಿರಬೇಕು. ಈಗ ಬೆರಳಿನ ಒಂದು ಸ್ಪರ್ಶ. ಆದರೂ ನನ್ನ ಪಾಲಿಗೆ ಅದು ಒಂದು ಸ್ಪರ್ಶವಾಗಿರಲಿಲ್ಲ. ವಾಟ್ಸ್‌ಆ್ಯಪ್ ಸಂಸ್ಥೆಯು 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗಿಂತ ಹೆಚ್ಚು ಮಂದಿಗೆ ದಾಟಿಸದಂತೆ ಮಿತಿ ಹಾಕಿತು. ಅನೇಕ ಬಾರಿ ಕೈಬದಲಾಯಿಸಿದ ಸಂದೇಶಗಳಿಗೆ ಜೋಡಿ ಬಾಣದ ಗುರುತಿಟ್ಟು, 2020ರ ಏಪ್ರಿಲ್‌ನಿಂದ ಅವುಗಳನ್ನು ಒಮ್ಮೆಗೆ ಒಬ್ಬರಿಗೆ ಮಾತ್ರ ದಾಟಿಸಬಹುದೆಂದು ಮಾಡಿತು. ಪೊರ್ಬುಗಳ ಪತ್ರಕ್ಕೆ ಆ ಜೋಡಿ ಬಾಣವಿತ್ತು. ಹಾಗಾಗಿ ನಾನು ಹನ್ನೆರಡು ಬಾರಿ ಹೆಸರು ಹುಡುಕಿ, ಹನ್ನೆರಡು ಬಾರಿ ಒತ್ತಿದೆ. ಅವರು ಎದುರಿಗೆ ಕುಳಿತು ಬೆರಳು ಮಡಚಿ ಎಣಿಸುತ್ತಿದ್ದರು. ಯೋಚಿಸಲು ನನಗೆ ಹನ್ನೆರಡು ಅವಕಾಶಗಳಿದ್ದವು. ಒಂದನ್ನೂ ಬಳಸಲಿಲ್ಲ. ಮುದುಕನ ಮನಸ್ಸಿಗೆ ಸಮಾಧಾನವಾದರೆ ಸಾಕು, ಇದರಲ್ಲಿ ಯಾರಿಗೇನು ನಷ್ಟ ಎಂದುಕೊಂಡೆ.

ಮೊಮ್ಮಗಳು ಗುಣವಾದಳು. ತಿಂಗಳಾದ ಬಳಿಕ ಪೊರ್ಬುಗಳ ಸೋದರತ್ತೆಯ ಮಗಳು, ಗಂಡನನ್ನು ಕಳೆದುಕೊಂಡು ಹಳ್ಳಿಯಲ್ಲಿ ಒಬ್ಬರೇ ಇರುವ ಬಾಯಿಯವರು, ಸೀರೆ ಕೊಳ್ಳಲು ಅಂಗಡಿಗೆ ಬಂದಾಗ ಉಳಿದ ಕಥೆ ತಿಳಿಯಿತು. ಹನ್ನೆರಡರಲ್ಲಿ ಅವರದೂ ಒಂದು ಹೆಸರು. ಅವರ ಮೊಬೈಲಿನಲ್ಲಿದ್ದುದು ಏಳೇ ಸಂಖ್ಯೆಗಳು. ಏಳು ಮಂದಿಗೆ ಕಳುಹಿಸಿ, ಉಳಿದ ಐವರನ್ನು ಎಲ್ಲಿಂದ ತರಲಿ ಎಂದು ತೋಚದೆ, ಕುವೈತಿನಲ್ಲಿ ದುಡಿಯುವ ಒಬ್ಬನೇ ಮಗನಿಗೆ ಏನಾಗುವುದೋ ಎಂದು ಒಂಬತ್ತು ರಾತ್ರಿ ನಿದ್ದೆಗೆಟ್ಟಿದ್ದರಂತೆ. ಈಗ ನಗುತ್ತಲೇ ಹೇಳಿದರು. ನಾನು ನಗಲಾರದೆ ಬಿಲ್ಲು ಬರೆಯುವ ನೆಪದಲ್ಲಿ ತಲೆ ತಗ್ಗಿಸಿದೆ.

ಆ ಬಳಿಕ ಈ ಪತ್ರಗಳ ವಂಶಾವಳಿಯನ್ನು ಓದತೊಡಗಿದೆ. ಅದು ಮೊಬೈಲಿಗಿಂತ ಮಾತ್ರವಲ್ಲ, ಮುದ್ರಣಯಂತ್ರಕ್ಕಿಂತಲೂ ನೂರಾರು ವರ್ಷ ಹಳೆಯದೆಂದು ತಿಳಿದು ಬೆರಗಾದೆ. ಕ್ರಿ.ಶ. 6ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನಿನ ಬಳಿಯ ಇಬಿಜಾ ದ್ವೀಪದ ಬಿಷಪ್ ವಿನ್ಸೆಂಟನಿಗೆ ಕ್ರಿಸ್ತನೇ ಬರೆದು ಸ್ವರ್ಗದಿಂದ ಬೀಳಿಸಿದನೆಂಬ ಒಂದು ಪತ್ರ ಸಿಕ್ಕಿತು. ಭಾನುವಾರವನ್ನು ಕಟ್ಟುನಿಟ್ಟಾಗಿ ಆಚರಿಸಬೇಕೆಂಬುದು ಅದರ ಆಜ್ಞೆ. ವಿನ್ಸೆಂಟನು ಅದನ್ನು ನಂಬಿ ಜನರ ಮುಂದೆ ಓದಿಸಿದನು. ಪ್ರತಿಯೊಂದನ್ನು ಕಾರ್ತಜೀನಾದ ಬಿಷಪ್ ಲಿಸಿನಿಯಾನಸ್‌ನಿಗೂ ಕಳುಹಿಸಿದನು. ಲಿಸಿನಿಯಾನಸನು ಪತ್ರ ತಂದವನ ಎದುರಿನಲ್ಲೇ ಅದನ್ನು ಹರಿದೆಸೆದು, ಇದರ ಭಾಷೆಯೂ ಸರಿಯಿಲ್ಲ, ಸಿದ್ಧಾಂತವೂ ಸರಿಯಿಲ್ಲ, ಪ್ರವಾದಿಗಳ ವಾಣಿಯೂ ಸುವಾರ್ತೆಗಳೂ ಇರುವಾಗ ಆಕಾಶದಿಂದ ಹೊಸ ಪತ್ರ ಬರುವ ಅಗತ್ಯವೇನು ಎಂಬರ್ಥದ ಕಟುವಾದ ಉತ್ತರ ಬರೆದನು. ಆ ಉತ್ತರವು ಉಳಿದುಬಂದಿದೆ. ಹರಿದೆಸೆದ ಪತ್ರವೂ ಉಳಿಯಿತೆಂಬುದು ವಿಷಾದದ ಸಂಗತಿ. ಅದೇ ಜಾತಿಯ ಪತ್ರಗಳು ಮತ್ತೆ ಮತ್ತೆ ಬೀಳುತ್ತಲೇ ಬಂದವು.

745ರಲ್ಲಿ ಪೋಪ್ ಜಕರಿಯಾಸ್ ರೋಮಿನಲ್ಲಿ ಕರೆದ ಸಭೆಯೊಂದು ಆಲ್ಡೆಬರ್ಟ್ ಎಂಬ ಸಂಚಾರಿ ಬೋಧಕನ ವಿಚಾರಣೆ ನಡೆಸಿತು. ಜೆರುಸಲೇಮಿನಲ್ಲಿ ಬಿದ್ದ ಯೇಸುವಿನ ಪತ್ರ ತನ್ನಲ್ಲಿದೆಯೆಂದು ಅವನು ಹೇಳಿಕೊಳ್ಳುತ್ತಿದ್ದನು. ತನ್ನ ಉಗುರು ಮತ್ತು ಕೂದಲನ್ನು ಪವಿತ್ರ ಅವಶೇಷಗಳೆಂದು ಭಕ್ತರಿಗೆ ಹಂಚುತ್ತಿದ್ದನು. ಸಭೆಯು ಅವನನ್ನು ಪದಚ್ಯುತಗೊಳಿಸಿತು. 789ರಲ್ಲಿ ಚಕ್ರವರ್ತಿ ಶಾರ್ಲ್‌ಮೇನನು ತನ್ನ ರಾಜ್ಯಕ್ಕೆಲ್ಲ ಹೊರಡಿಸಿದ ಶಾಸನದಲ್ಲಿ, ಸ್ವರ್ಗದಿಂದ ಬಿದ್ದುದೆನ್ನಲಾಗುವ ಪತ್ರಗಳನ್ನು ನಂಬಬಾರದು, ಓದಬಾರದು, ಸುಟ್ಟುಹಾಕಬೇಕು ಎಂದು ವಿಧಿಸಿದನು. ಆಗಿನ್ನೂ ಅವನು ಚಕ್ರವರ್ತಿಯಾಗಿರಲಿಲ್ಲ, ಫ್ರಾಂಕರ ಅರಸನಷ್ಟೇ ಆಗಿದ್ದನೆಂದು ಇತಿಹಾಸ ಬಲ್ಲವರು ತಿದ್ದಬಹುದು, ಒಪ್ಪುತ್ತೇನೆ. ಸಾವಿರ ವರ್ಷಗಳ ಬಳಿಕ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಗುಂಡು ತಾಗದಿರಲೆಂದು ಇಂಥದೇ 'ಸ್ವರ್ಗದ ಪತ್ರ'ಗಳನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದರು. ಅರಸನ ಶಾಸನಕ್ಕಿಂತ ಭಯದ ಆಯುಷ್ಯ ದೊಡ್ಡದು.

ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಈ ಪತ್ರಗಳನ್ನು ಮೊದಲು ಹರಿದವರು ನಾಸ್ತಿಕರಲ್ಲ, ಕ್ರೈಸ್ತ ಗುರುಗಳೇ. 13ನೆಯ ಶತಮಾನದ ಥಾಮಸ್ ಅಕ್ವಿನಾಸನು ಮೂಢನಂಬಿಕೆಯನ್ನು ಧರ್ಮಕ್ಕೆ ವಿರುದ್ಧವಾದ ದೋಷಗಳಲ್ಲಿ ಸೇರಿಸಿ, ಅದು ಭಕ್ತಿಯ ಅತಿರೇಕದ ಕಡೆಯ ದೋಷವೆಂದು ವಿವರಿಸಿದನು. ಸಲ್ಲದ ಕಡೆಗೆ, ಇಲ್ಲವೇ ಸಲ್ಲದ ರೀತಿಯಲ್ಲಿ ಪೂಜೆ ಸಲ್ಲಿಸುವುದೇ ಆ ಅತಿರೇಕ. 1992ರಲ್ಲಿ ಕ್ಯಾಥೊಲಿಕ್ ಸಭೆಯು ಪ್ರಕಟಿಸಿದ ಧರ್ಮಬೋಧೆಯ ಗ್ರಂಥವು ಇನ್ನೂ ಹತ್ತಿರ ಬಂದು, ಪ್ರಾರ್ಥನೆಯ ಫಲವು ಅಂತರಂಗದ ಭಾವವಿಲ್ಲದೆ ಕೇವಲ ಬಾಹ್ಯಕ್ರಿಯೆಯಿಂದಲೇ ದೊರೆಯುತ್ತದೆಂದು ತಿಳಿಯುವುದೇ ಮೂಢತೆ ಎನ್ನುತ್ತದೆ. ಬಾಗಿಲು ಮುಚ್ಚಿ ಗುಟ್ಟಾಗಿ ಪ್ರಾರ್ಥಿಸಿರೆಂದು ಯೇಸು ಹೇಳಿದುದನ್ನು ಮತ್ತಾಯನ ಸುವಾರ್ತೆ ದಾಖಲಿಸಿದೆ. ಪೊರ್ಬುಗಳ ಪತ್ರದಲ್ಲಿ ಪ್ರಾರ್ಥಿಸಿರೆಂಬ ಮಾತೇ ಇರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಕಳುಹಿಸಿರಿ ಎಂದಷ್ಟೇ ಇತ್ತು.

ನಮ್ಮ ಓದುಗರಿಗೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಮೂರು ಮೂಢತೆಗಳು ತಿಳಿದೇ ಇವೆ. ವರವನ್ನು ಬಯಸಿ ರಾಗದ್ವೇಷಗಳುಳ್ಳ ದೇವತೆಗಳನ್ನು ಪೂಜಿಸುವುದನ್ನು ಆಚಾರ್ಯರು ದೇವಮೂಢತೆಯೆಂದರು. ಪತ್ರ ಹಂಚದಿದ್ದುದಕ್ಕೆ ಮಗುವಿನ ಪ್ರಾಣ ತೆಗೆಯುವ ಮಾತೆಯನ್ನು ಕಲ್ಪಿಸುವಾಗ, ಆ ಪತ್ರ ಬರೆದವನು ಕ್ರೈಸ್ತರ ಕರುಣಾಮಯಿಯಾದ ಮೇರಿಗೆ ದ್ವೇಷವನ್ನು ಅಂಟಿಸುತ್ತಾನೆ. ಹಾಗೆ ನೋಡಿದರೆ ಮೇರಿಯನ್ನು ನಿಂದಿಸಿದವನು ಅವನೇ.

ವ್ಯಾಪಾರಿಯಾದ ನನಗೆ ಇನ್ನೊಂದು ಬಗೆಯ ಲೆಕ್ಕವೂ ಕಾಣುತ್ತದೆ. ಒಬ್ಬನು ಹನ್ನೆರಡು ಮಂದಿಗೆ, ಅವರಲ್ಲಿ ಪ್ರತಿಯೊಬ್ಬನು ಮತ್ತೆ ಹನ್ನೆರಡು ಮಂದಿಗೆ ಕಳುಹಿಸಿದರೆ ಆರನೆಯ ಸುತ್ತಿಗೆ 29,85,984 ಪತ್ರಗಳು. ಹತ್ತನೆಯ ಸುತ್ತಿಗೆ 6,191 ಕೋಟಿಗೂ ಮೀರಿ. ಭೂಮಿಯ ಮೇಲೆ ಅಷ್ಟು ಮನುಷ್ಯರಿಲ್ಲ. ಎಂದರೆ ಆಜ್ಞೆಯನ್ನು ಎಲ್ಲರೂ ಪಾಲಿಸುವುದು ಗಣಿತಕ್ಕೇ ಅಸಾಧ್ಯ. ಯಾರೋ ಒಬ್ಬರ ಬಳಿ ಸಂಖ್ಯೆಗಳು ಮುಗಿದೇ ಮುಗಿಯುತ್ತವೆ, ಬಾಯಿಯವರ ಬಳಿ ಮುಗಿದಂತೆ. ಇದೇ ಲೆಕ್ಕದಲ್ಲಿ ಹಣ ಸೇರಿಸುವ ಯೋಜನೆಗಳನ್ನು ನಮ್ಮ ಸಂಸತ್ತು 1978ರ ಕಾಯಿದೆಯಿಂದ ನಿಷೇಧಿಸಿತು. ಆಸೆ ಮತ್ತು ಅಂಜಿಕೆಗಳನ್ನು ಅದೇ ಲೆಕ್ಕದಲ್ಲಿ ಸೇರಿಸುವವರನ್ನು ಆ ಕಾಯಿದೆ ಕೇಳುವುದಿಲ್ಲ.

ಫಲ ಸಿಕ್ಕಿತೆಂಬ ಸಾಕ್ಷ್ಯದ ಮಾತೂ ಹಾಗೆಯೇ. ಜಮಾ ಖರ್ಚಿನ ಎರಡು ಬದಿಯ ಲೆಕ್ಕಪದ್ಧತಿಯನ್ನು 1494ರಲ್ಲಿ ಮೊದಲು ಅಚ್ಚಿನಲ್ಲಿ ವಿವರಿಸಿದವನು ಲೂಕಾ ಪಾಚಿಯೋಲಿ, ಫ್ರಾನ್ಸಿಸ್ಕನ್ ಸಂನ್ಯಾಸಿ. ಬಿ.ಕಾಂ. ತರಗತಿಯಲ್ಲಿ ನಮಗೆ ಅವನ ಹೆಸರನ್ನಷ್ಟೇ ಹೇಳಿದ್ದರು. ಅವನು ಕ್ರೈಸ್ತ ಸಂನ್ಯಾಸಿಯೆಂದೂ, ಲೆಕ್ಕಪುಸ್ತಕವನ್ನು ದೇವರ ಹೆಸರಿನಿಂದ ಆರಂಭಿಸಲು ಹೇಳಿದನೆಂದೂ ಯಾರೂ ಹೇಳಿರಲಿಲ್ಲ. ಪತ್ರ ಕಳುಹಿಸಿದ ಮೇಲೆ ಗುಣವಾದ ಮಕ್ಕಳನ್ನು ಜಮಾ ಬದಿಗೆ ಬರೆಯುತ್ತೇವೆ. ಪತ್ರ ಕಳುಹಿಸಿಯೂ ಉಳಿಯದ ಮಕ್ಕಳ ತಂದೆತಾಯಿಗಳು ಯಾರಿಗೂ ಸಂದೇಶ ಬರೆಯುವುದಿಲ್ಲ. ಖರ್ಚಿನ ಬದಿಯನ್ನು ಹರಿದಿಟ್ಟ ಪುಸ್ತಕದಲ್ಲಿ ಸದಾ ಲಾಭವೇ. ಇಪ್ಪತ್ತೆಂಟು ವರ್ಷ ಲೆಕ್ಕ ತಪ್ಪದ ಪೊರ್ಬುಗಳಿಗೆ ಇದು ತಿಳಿಯದೆಂದಲ್ಲ; ಮೊಮ್ಮಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವಾಗ ಯಾರು ತಾನೇ ಎರಡೂ ಬದಿಗಳನ್ನು ನೋಡುತ್ತಾರೆ?

ಈ ದೌರ್ಬಲ್ಯವನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ಫೇಸ್‌ಬುಕ್ ಸಂಸ್ಥೆಯಲ್ಲಿ 2019ರಲ್ಲಿ ಸಿದ್ಧವಾದ ಆಂತರಿಕ ವರದಿಯೊಂದು 2021ರಲ್ಲಿ ಬೆಳಕಿಗೆ ಬಂತು. ಅಮೆರಿಕದ ಕ್ರೈಸ್ತರನ್ನು ಉದ್ದೇಶಿಸಿದ ಅತಿ ಜನಪ್ರಿಯ ಪುಟಗಳನ್ನು ನಡೆಸುತ್ತಿದ್ದವರು ಪಾದ್ರಿಗಳೂ ಅಲ್ಲ, ಭಕ್ತರೂ ಅಲ್ಲ. ಕೊಸೊವೊ, ಮ್ಯಾಸಿಡೋನಿಯಾದಂಥ ಪೂರ್ವ ಯುರೋಪಿನ ದೇಶಗಳಲ್ಲಿ ಕುಳಿತ ಕೂಟಗಳು ಎಂದು ಅದರಿಂದ ತಿಳಿಯಿತು. ಆ ಕ್ರೈಸ್ತ ಪುಟಗಳೆಲ್ಲ ಸೇರಿ ತಿಂಗಳಿಗೆ 7.5 ಕೋಟಿ ಅಮೆರಿಕನ್ನರನ್ನು ಮುಟ್ಟುತ್ತಿದ್ದವು. ಅವರಲ್ಲಿ ನೂರಕ್ಕೆ 95 ಮಂದಿ ಆ ಪುಟಗಳನ್ನು ತಾವಾಗಿ ಆಯ್ದುಕೊಂಡವರೇ ಅಲ್ಲ. 2024ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಜಾರ್ಜ್‌ಟೌನ್ ವಿಶ್ವವಿದ್ಯಾಲಯಗಳ ಸಂಶೋಧಕರು ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಚಿತ್ರಗಳ ಫೇಸ್‌ಬುಕ್ ಪುಟಗಳನ್ನು ಪರಿಶೀಲಿಸಿದರು. ಅದೇ ವರ್ಷ ಸೀಗಡಿಗಳಿಂದ ಕೂಡಿದ ಯೇಸುವಿನ ವಿಚಿತ್ರ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಅವುಗಳ ಕೆಳಗೆ ಸಾಲುಸಾಲಾಗಿ 'ಆಮೆನ್' ಎಂದು ಬರೆದಿತ್ತು. ಪ್ರತಿಯೊಂದು ಆಮೆನ್ ಆ ಪುಟವನ್ನು ಇನ್ನಷ್ಟು ಮಂದಿಯ ಕಣ್ಣಿಗೆ ತೋರಿಸುತ್ತದೆ. ತೋರಿದಷ್ಟು ಅದರ ಬೆಲೆ ಏರುತ್ತದೆ. ಬರೆದವರಲ್ಲಿ ಕೆಲವರಾದರೂ ನಿಜವಾದ ಸಂಕಟದಿಂದ, ನಿಜವಾದ ಭಕ್ತಿಯಿಂದ ಬರೆದಿರಬೇಕು. ಅವರ ಭಕ್ತಿ ಸುಳ್ಳಲ್ಲ. ಅದನ್ನು ಕೊಂಡು ಮಾರಿದವನ ವ್ಯಾಪಾರ ಸುಳ್ಳು.

ಇದನ್ನು ನಿರುಪದ್ರವಿಯೆಂದು ತಳ್ಳಿಹಾಕುವಂತಿಲ್ಲ. 2020ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೊಂಗ್ನಾಮ್ ನಗರದ ಚರ್ಚೊಂದರಲ್ಲಿ ಉಪ್ಪುನೀರು ಕೊರೋನಾ ರೋಗಾಣುವನ್ನು ಕೊಲ್ಲುತ್ತದೆಂದು ನಂಬಿ, ಬಂದವರ ಬಾಯಿಗೆಲ್ಲ ಒಂದೇ ಸೀಸೆಯಿಂದ ಅದನ್ನು ಸಿಂಪಡಿಸಿದರು. ಸೀಸೆಯ ಮೂತಿಯನ್ನು ನಡುವೆ ತೊಳೆಯಲಿಲ್ಲ. ಆ ಚರ್ಚಿಗೆ ಸಂಬಂಧಿಸಿ 46 ಮಂದಿಗೆ ಸೋಂಕು ತಗಲಿತ್ತೆಂದು ಅಧಿಕಾರಿಗಳು ಆಗ ತಿಳಿಸಿದರು. ಸಿಂಪಡಿಸಿದವರಲ್ಲಿ ದುರುದ್ದೇಶವಿತ್ತೆಂದು ಯಾರೂ ಹೇಳಲಿಲ್ಲ. ಎಲ್ಲಿಂದಲೋ ಬಂದ ಒಂದು ತಪ್ಪು ಮಾತನ್ನು ಒಳ್ಳೆಯ ಮನಸ್ಸಿನಿಂದ ದಾಟಿಸಿದರು, ಅಷ್ಟೆ. ಅದೇ ವರ್ಷ ಲಂಡನ್ನಿನ ಕ್ಯಾಂಬರ್‌ವೆಲ್‌ನ ಚರ್ಚೊಂದರ ಮುಖ್ಯಸ್ಥರು ಒಂದು ಪುಟ್ಟ ಸೀಸೆ ಎಣ್ಣೆ ಮತ್ತು ಕೆಂಪು ನೂಲನ್ನು ಸೇರಿಸಿ, ವ್ಯಾಧಿಯಿಂದ ರಕ್ಷಿಸುವ ಸಾಮಗ್ರಿಯೆಂದು ಅಂತರ್ಜಾಲದಲ್ಲಿ ಪ್ರಚಾರ ಮಾಡಿ 91 ಪೌಂಡಿಗೆ ಮಾರಿದರು. 2022ರ ಡಿಸೆಂಬರ್‌ನಲ್ಲಿ ನ್ಯಾಯಾಲಯವು ಅದನ್ನು ವಂಚನೆಯೆಂದು ತೀರ್ಮಾನಿಸಿತು. ನೂಲಿನ ವ್ಯಾಪಾರ ಮಾಡಿದವನಾಗಿ ಹೇಳುತ್ತೇನೆ, ಅಷ್ಟು ನೂಲಿಗೆ ಅಷ್ಟು ಬೆಲೆಯನ್ನು ರೇಷ್ಮೆಗೂ ಯಾರೂ ಕೊಟ್ಟಿರಲಾರರು.

ಇನ್ನು ಆಲ್ಡೆಬರ್ಟನ ಕೂದಲಿನ ಕಥೆ ಮುಗಿಯಿತೆಂದು ತಿಳಿದಿದ್ದೆ. ಕಾರ್ಲೊ ಅಕುಟಿಸ್ ಎಂಬ ಬಾಲಕ 1991ರಲ್ಲಿ ಹುಟ್ಟಿ, ಕಂಪ್ಯೂಟರನ್ನು ಭಕ್ತಿಯ ಪ್ರಸಾರಕ್ಕೆ ಬಳಸಿ, ಹದಿನೈದನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡವನು. 2025ರ ಸೆಪ್ಟೆಂಬರ್ 7ರಂದು ಅವನನ್ನು ಸಂತನೆಂದು ಘೋಷಿಸಲಾಯಿತು. ಅದಕ್ಕೆ ಕೆಲವು ತಿಂಗಳ ಮುಂಚೆ ಅವನದೆನ್ನಲಾದ ಕೂದಲು ಅಂತರ್ಜಾಲದ ಹರಾಜಿನಲ್ಲಿ ಕಾಣಿಸಿಕೊಂಡು, ಬೆಲೆ ಎರಡು ಸಾವಿರ ಯುರೋ ದಾಟಿತು. ಪೊಲೀಸರಿಗೆ ದೂರು ಹೋಗುವಂತೆ ಮಾಡಿದವರು ಅಸಿಸಿಯ ಬಿಷಪರೇ. ಪವಿತ್ರ ಅವಶೇಷಗಳ ಮಾರಾಟವನ್ನು ಅವರ ಧರ್ಮಸಂಹಿತೆಯೇ ನಿಷೇಧಿಸಿದೆ. 2024ರ ಮೇ ತಿಂಗಳಿನಲ್ಲಿ ವ್ಯಾಟಿಕನ್ ಪವಾಡಗಳೆನ್ನಲಾಗುವ ಘಟನೆಗಳ ವಿಚಾರಣೆಗೆ 1978ರ ನಿಯಮಗಳ ಬದಲು ಹೊಸ ನಿಯಮಗಳನ್ನು ತಂದುದಕ್ಕೂ, ಇಂಥ ಸುದ್ದಿಗಳು ಅಂತರ್ಜಾಲದಲ್ಲಿ ಕ್ಷಣದೊಳಗೆ ಗಡಿ ದಾಟುತ್ತವೆಂಬುದು ಒಂದು ಕಾರಣ.

ಹಾಗಾದರೆ ಸತ್ಯವನ್ನು ಹೇಳಿಬಿಡಬೇಕಲ್ಲವೆ? ಹೇಗೆ ಹೇಳಬೇಕು ಎಂಬಲ್ಲಿ ನನಗೆ ತೊಡಕು. 2012ರ ಮಾರ್ಚ್‌ನಲ್ಲಿ ಮುಂಬಯಿಯ ಇರ್ಲಾದ ಚರ್ಚೊಂದರಲ್ಲಿ ಶಿಲುಬೆಯ ಮೇಲಿನ ಯೇಸುವಿನ ಪಾದಗಳಿಂದ ನೀರು ತೊಟ್ಟಿಕ್ಕತೊಡಗಿತು. ಜನರು ಅದನ್ನು ಸಂಗ್ರಹಿಸಿದರು. ವಿಚಾರವಾದಿ ಸನಲ್ ಎಡಮರುಕು ಸ್ಥಳಕ್ಕೆ ಹೋಗಿ, ಕಟ್ಟಿಕೊಂಡ ಚರಂಡಿಯ ನೀರು ಗೋಡೆಯ ಸೂಕ್ಷ್ಮರಂಧ್ರಗಳಲ್ಲಿ ಮೇಲೇರಿ ಹೀಗೆ ಸೋರುತ್ತಿದೆಯೆಂದು ತೋರಿಸಿಕೊಟ್ಟರು. ಅಲ್ಲಿಗೆ ನಿಂತಿದ್ದರೆ ಅದು ಉಪಕಾರವೇ. ದೂರದರ್ಶನದ ವಾಗ್ವಾದದಲ್ಲಿ ಮಾತು ಚರ್ಚಿನ ಮೇಲೆಯೇ ಹೊರಳಿತು. ಧಾರ್ಮಿಕ ಭಾವನೆಗೆ ಧಕ್ಕೆಯೆಂದು ದೂರುಗಳು ದಾಖಲಾದವು. ಅವರು ಅದೇ ವರ್ಷ ಫಿನ್ಲೆಂಡಿಗೆ ಹೋದರು. ಚರಂಡಿಯ ನೀರನ್ನು ಚರಂಡಿಯ ನೀರೆಂದು ಹೇಳಿದವನು ದೇಶ ಬಿಡಬೇಕಾದುದು ನಮಗೆ ಶೋಭೆಯಲ್ಲ. ಆದರೂ ಆ ನೀರನ್ನು ಮನೆಗೆ ಒಯ್ದ ತಾಯಂದಿರಿಗೆ ಆ ವಾಗ್ವಾದದಿಂದ ಏನು ತಲುಪಿತು ಎಂದು ನಾನು ಕೇಳಿಕೊಳ್ಳುತ್ತೇನೆ. ಲಿಸಿನಿಯಾನಸನು ಹರಿದುದು ತನ್ನವರ ಪತ್ರವನ್ನು. ಪರರ ಪತ್ರವನ್ನು ಹರಿಯುವ ಕೈಗೆ ಆ ಹಕ್ಕು ಅಷ್ಟು ಸುಲಭವಾಗಿ ಬರುವುದಿಲ್ಲ.

ಆದುದರಿಂದ ನನ್ನ ಪಾಲಿನ ಲೆಕ್ಕಕ್ಕೆ ಬರುತ್ತೇನೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಮಿಥ್ಯೋಪದೇಶವನ್ನೂ ಕೂಟಲೇಖಕ್ರಿಯೆಯನ್ನೂ ಹೇಳಿದ್ದಾರೆ. ಇಷ್ಟು ದಿನ ಕೂಟಲೇಖವೆಂದರೆ ಸುಳ್ಳು ಪತ್ರ, ಸುಳ್ಳು ದಸ್ತಾವೇಜು, ಕಳ್ಳ ಲೆಕ್ಕ ಎಂದಷ್ಟೇ ತಿಳಿದು, ನಮ್ಮ ಅಂಗಡಿಯಲ್ಲಿ ಅದಿಲ್ಲವೆಂದು ಹೆಮ್ಮೆಪಟ್ಟಿದ್ದೆ. ಮಾತೆಯ ಸಹಿಯಿಲ್ಲದ ಮಾತೆಯ ಪತ್ರ ಕೂಟಲೇಖವಲ್ಲದೆ ಮತ್ತೇನು? ನಾನು ಬರೆಯಲಿಲ್ಲ, ದಾಟಿಸಿದೆನಷ್ಟೇ ಎಂಬ ಸಮಾಧಾನವೂ ನಿಲ್ಲದು. ಕೃತ, ಕಾರಿತ, ಅನುಮೋದಿತ ಎಂದು ಆಸ್ರವದ ಬಾಗಿಲುಗಳನ್ನು ಎಣಿಸಿದ ಪರಂಪರೆಯಲ್ಲಿ ಹುಟ್ಟಿದವನು ಹಾಗೆ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ನಂಬದೆ ಕಳುಹಿಸಿದ ನನ್ನ ದೋಷ, ನಂಬಿ ಕಳುಹಿಸಹೇಳಿದ ಪೊರ್ಬುಗಳ ದೋಷಕ್ಕಿಂತ ದೊಡ್ಡದೆಂದೇ ನನ್ನ ತೀರ್ಮಾನ. ಅವರಲ್ಲಿ ಭಯವಿತ್ತು. ನನ್ನಲ್ಲಿದ್ದುದು ಆಲಸ್ಯ, ಅದಕ್ಕೆ ದಯೆಯ ಹೆಸರಿಟ್ಟಿದ್ದೆ. ಇಂಥದೇ ಸಂದೇಶಗಳು ನಮ್ಮ ತೀರ್ಥಂಕರರ, ಯಕ್ಷಿಯರ ಚಿತ್ರಗಳೊಡನೆ ನನ್ನ ಮೊಬೈಲಿಗೂ ಬರುತ್ತವೆ. ಅವನ್ನು ಕಳುಹಿಸುವವರಲ್ಲಿ ಬಸದಿಯ ಟ್ರಸ್ಟಿಗಳೂ ಇದ್ದಾರೆ, ಹೆಚ್ಚು ಹೇಳುವುದಿಲ್ಲ.

ಪೊರ್ಬುಗಳ ಮನೆಗೆ ಹೋಗಿ ಬಾಯಿಯವರ ಒಂಬತ್ತು ರಾತ್ರಿಗಳ ವಿಷಯ ತಿಳಿಸಿದೆ. ಪತ್ರ ಸುಳ್ಳೆಂದು ನಾನು ಹೇಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಅವಳ ಹೆಸರನ್ನು ನಾನೇ ಹೇಳಿದ್ದಲ್ಲವೆ, ಧನಿಗಳೆ?" ಎಂದರು. ಹೌದೆಂದೆ. ಮೊಮ್ಮಗಳು ಒಳಗೆ ಓದುತ್ತಿದ್ದಳು. ಅವಳನ್ನು ಕರೆದು, ಮೊಬೈಲಿನಲ್ಲಿ ಆ ಹನ್ನೆರಡು ಹೆಸರುಗಳನ್ನು ಹುಡುಕಿಸಿ ಕಾಗದದ ಮೇಲೆ ಬರೆಸಿದರು. ಇಬ್ಬರೂ ಸೇರಿ ಒಬ್ಬೊಬ್ಬರಿಗೆ ದೂರವಾಣಿ ಮಾಡಿದೆವು. ಅಂದು ಬಂದ ಪತ್ರಕ್ಕೆ ಹೆದರಬೇಡಿರಿ, ಯಾರಿಗೂ ಕಳುಹಿಸಬೇಕಾಗಿಲ್ಲ, ತಪ್ಪಾಯಿತು ಎಂದು ಅವರೇ ಕೊಂಕಣಿಯಲ್ಲಿ ಹೇಳಿದರು. ಕೆಲವರು ಮರೆತೇಬಿಟ್ಟಿದ್ದರು. ಒಬ್ಬರು ಅಂದೇ ಮೂವತ್ತು ಮಂದಿಗೆ ಕಳುಹಿಸಿದ್ದರಂತೆ. ಒಬ್ಬ ಮುದುಕಿ ಫೋನಿನಲ್ಲೇ ಅತ್ತರು, ಯಾಕೆಂದು ಹೇಳಲಿಲ್ಲ. ಹತ್ತು ಮಂದಿ ಸಿಕ್ಕಿದರು. ಎರಡು ಸಂಖ್ಯೆಗಳಿಂದ ಉತ್ತರವಿಲ್ಲ. ಆ ಕಾಗದ ಈಗಲೂ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ, ಸಂಜೆ ಅಂಗಡಿ ಮುಚ್ಚುವ ಮುಂಚೆ ಒಮ್ಮೊಮ್ಮೆ ಪ್ರಯತ್ನಿಸುತ್ತೇನೆ.